ಬೆಲ್ಲದ ಕವರ್ ಮೇಲೆ ಏನು ಬರೆಯೋದು?

ಈಚೆಗೆ ನನಗೆ ಬರೋ ಫೋನುಗಳಲ್ಲಿ ಅರ್ಧ ಇದೇ ಪ್ರಶ್ನೆ. "ಅಣ್ಣಾ, ನಮ್ಮ ಮಾಲು ಚೆನ್ನಾಗಿದೆ, ವಾಟ್ಸಾಪ್ ಸ್ಟೇಟಸ್‌ಗೆ ಹಾಕಬೇಕು, ಕವರ್ ಮಾಡಿಸಬೇಕು. ಏನಂತ ಬರೆಸೋದು?" ಉತ್ತರ ಹೇಳೋ ಮೊದಲು ನಾನು ಏನು ಬರೆಸಿ ಕೆಟ್ಟೆ ಅನ್ನೋದನ್ನ ಹೇಳ್ತೀನಿ.

ಮಂಡ್ಯ ಕಡೆ ನಮ್ಮದೊಂದು ಸಣ್ಣ ಆಲೆಮನೆ. ಮೊದಲ ವರ್ಷ ನೇರ ಮಾರಾಟಕ್ಕೆ ಇಳಿದಾಗ ಒಂದು ಸಾವಿರ ಕವರ್ ಪ್ರಿಂಟ್ ಹಾಕಿಸಿದೆ. ಹಸಿರು ಎಲೆ ಚಿತ್ರ, ಕೆಳಗೆ ದಪ್ಪ ಅಕ್ಷರದಲ್ಲಿ "ಶೇ. 100 ಸಾವಯವ, ರಾಸಾಯನಿಕ ಮುಕ್ತ ಬೆಲ್ಲ". ಪ್ರಿಂಟಿಂಗ್ ಅಂಗಡಿಯವನ ಹತ್ತಿರ ಆ ಡಿಸೈನು ರೆಡಿ ಇತ್ತು, ಎಲ್ಲರೂ ಅದನ್ನೇ ಹಾಕಿಸ್ತಿದ್ದರು, ನಾನೂ ಹಾಕಿಸಿದೆ.

ಬೆಲ್ಲ ಕಾಯಿಸುವಾಗ ನಾವು ಹೈಡ್ರೋಸ್ ಹಾಕ್ತಿರಲಿಲ್ಲ, ಅದು ನಿಜ. ಆದರೆ ಕಬ್ಬಿನ ಗದ್ದೆಗೆ ಯೂರಿಯಾ, ಪೊಟ್ಯಾಷ್ ಎರಡೂ ಬಿದ್ದಿದ್ದವು. ಕಳೆಗೆ ಔಷಧಿಯನ್ನೂ ಹೊಡೆದಿದ್ದೆವು. "ಬೆಲ್ಲದಲ್ಲಿ ಏನೂ ಹಾಕಿಲ್ವಲ್ಲ" ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ.

ಮೈಸೂರಿನ ಒಂದು ಅಪಾರ್ಟ್‌ಮೆಂಟ್‌ಗೆ ತಿಂಗಳಿಗೆ 40 ಕೆಜಿ ಹೋಗ್ತಿತ್ತು. ಮೂರನೇ ತಿಂಗಳು ಅಲ್ಲಿನ ಒಬ್ಬರು ಅಮ್ಮ ಫೋನ್ ಮಾಡಿದರು. ಅವರೂ ರೈತರ ಮನೆಯವರೇ. "ಏನಪ್ಪಾ, ನಿಮ್ಮ ಕಬ್ಬಿಗೆ ಯೂರಿಯಾ ಹಾಕಲ್ವಾ?" ಅಂತ ನೇರವಾಗಿ ಕೇಳಿದರು. ನಾನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಕ್ತೀವಿ ಅಮ್ಮ, ಕಮ್ಮಿ ಹಾಕ್ತೀವಿ" ಅಂದೆ. "ಹಾಕಿದ್ದು ತಪ್ಪಲ್ಲ ಕಣಪ್ಪ, ನಮ್ಮಪ್ಪಾನೂ ಹಾಕ್ತಿದ್ರು. ಆದರೆ ಹೊರಗಡೆ ಹೀಗೆ ಬರೆದ ಮೇಲೆ ಒಳಗಿರೋದನ್ನ ಹ್ಯಾಗೆ ನಂಬಲಿ?" ಅಂದರು. ಮುಂದಿನ ತಿಂಗಳು ಆರ್ಡರ್ ಬರಲಿಲ್ಲ. ಇವತ್ತಿನವರೆಗೂ ಬಂದಿಲ್ಲ. ಹೈಡ್ರೋಸ್ ಇಲ್ಲದ ಬೆಲ್ಲ ಅನ್ನೋ ನನ್ನ ನಿಜವಾದ ಬಂಡವಾಳಾನೂ ಆ ಒಂದು ಸುಳ್ಳಿನ ಜೊತೆ ಹೋಯಿತು.

ಉಳಿದ ಕವರನ್ನೆಲ್ಲ ಒಲೆಗೆ ಹಾಕೋಕೆ ಹೋದೆ. ಪ್ಲಾಸ್ಟಿಕ್ ಉರಿಸಬೇಡ ಅಂತ ಅಪ್ಪ ಬೈದರು. ಅಟ್ಟದ ಮೇಲೆ ಈಗಲೂ ಇವೆ.

ಕಾನೂನು ಏನು ಹೇಳುತ್ತೆ ಅಂತ ಆಮೇಲೆ ಓದಿದೆ, ಮೊದಲೇ ಓದಬೇಕಿತ್ತು. ಸಾವಯವ ಆಹಾರಕ್ಕೆ ಎಫ್‌ಎಸ್‌ಎಸ್‌ಎಐ 2017ರಲ್ಲಿ ಮಾಡಿದ ನಿಯಮ ಇದೆ. "ಸಾವಯವ" ಅಂತ ಬರೆದು ಮಾರಬೇಕಾದರೆ ಎನ್‌ಪಿಒಪಿ ಅಥವಾ ಪಿಜಿಎಸ್-ಇಂಡಿಯಾ, ಎರಡರಲ್ಲಿ ಒಂದು ಪ್ರಮಾಣೀಕರಣ ಬೇಕು. ಪಿಜಿಎಸ್ ನಮ್ಮಂಥವರಿಗೆ ಹೊಂದುತ್ತೆ. ಕನಿಷ್ಠ ಐದು ರೈತರ ಗುಂಪು ಮಾಡಿಕೊಂಡು, ಒಬ್ಬರ ಜಮೀನನ್ನು ಇನ್ನೊಬ್ಬರು ಪರಿಶೀಲಿಸಬೇಕು. ರಾಸಾಯನಿಕ ಬಿಟ್ಟು ಬದಲಾಗುತ್ತಿರುವ ಅವಧಿಯಲ್ಲಿ ಸಿಗೋದು ಪಿಜಿಎಸ್-ಗ್ರೀನ್, ಅವಧಿ ಮುಗಿದ ಮೇಲೆ ಪಿಜಿಎಸ್-ಆರ್ಗ್ಯಾನಿಕ್. ಸಣ್ಣ ರೈತ ತಾನು ಬೆಳೆದದ್ದನ್ನು ನೇರವಾಗಿ ತಿನ್ನೋರ ಕೈಗೆ ಮಾರಿದರೆ ಪ್ರಮಾಣಪತ್ರದಿಂದ ವಿನಾಯಿತಿ ಇದೆ. ಆದರೆ ಅವನು ಜೈವಿಕ್ ಭಾರತ್ ಲೋಗೋ ಹಾಕುವಂತಿಲ್ಲ. ಈ ವಿನಾಯಿತಿ ಇರೋದು ಕಾಗದಕ್ಕೆ ಮಾತ್ರ, ಯೂರಿಯಾ ಹಾಕಿದ ಕಬ್ಬನ್ನು ಸಾವಯವ ಅನ್ನೋಕೆ ಅಲ್ಲ.

ಎರಡನೇ ವರ್ಷ ಕವರಿನ ಮೇಲೆ ಹೀಗೆ ಬರೆಸಿದೆ: "ಬೆಲ್ಲ ಕಾಯಿಸುವಾಗ ಹೈಡ್ರೋಸ್, ಬಣ್ಣ, ಸಕ್ಕರೆ ಬೆರೆಸಿಲ್ಲ. ಕೊಳೆ ತೆಗೆಯಲು ಸುಣ್ಣ ಮತ್ತು ಬೆಂಡೆ ಗಿಡದ ಲೋಳೆ ಬಳಸಿದ್ದೇವೆ. ಕಬ್ಬಿಗೆ ರಸಗೊಬ್ಬರ ಹಾಕಿದ್ದೇವೆ, ನಾಲ್ಕೂವರೆ ತಿಂಗಳ ನಂತರ ಯೂರಿಯಾ ಹಾಕಿಲ್ಲ. ಬಣ್ಣ ಕಂದು, ಮಳೆಗಾಲದಲ್ಲಿ ಇನ್ನೂ ಕಪ್ಪಾಗಬಹುದು." ಕೆಳಗೆ ಬೆಲ್ಲ ಮಾಡಿದ ದಿನಾಂಕ, ಬ್ಯಾಚ್ ನಂಬರ್, ತೂಕ, ಬೆಲೆ, ವಿಳಾಸ, 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್.

ಊರಲ್ಲಿ ನಕ್ಕರು. "ರಸಗೊಬ್ಬರ ಹಾಕಿದ್ದೀವಿ ಅಂತ ಯಾರಾದರೂ ಬರೆಸ್ತಾರೇನೋ?" ಅಂತ. ಮೊದಲ ಎರಡು ತಿಂಗಳು ಮಾರಾಟಾನೂ ಡಲ್ಲೇ. ಹಳದಿ ಬೆಲ್ಲ ಕೇಳಿದವರು ವಾಪಸ್ ಹೋದರು. ಆದರೆ ಬೇರೆ ಥರದ ಫೋನು ಬರೋಕೆ ಶುರುವಾಯಿತು. ಹೈಡ್ರೋಸ್ ಅಂದರೇನು, ಬೆಂಡೆ ಲೋಳೆ ಹ್ಯಾಗೆ ಕೆಲಸ ಮಾಡುತ್ತೆ, ಬಂದು ನೋಡಬಹುದಾ? ಆ ಲೋಳೆ ಕುದಿಯೋ ರಸದ ಕೊಳೆಯನ್ನ ಹಿಡಿದು ಮೇಲಕ್ಕೆ ತರುತ್ತೆ, ನಾವು ಜಾಲರಿಯಲ್ಲಿ ತೆಗೆದು ಬಿಸಾಕ್ತೀವಿ. ಇದನ್ನೇ ಒಂದೂವರೆ ನಿಮಿಷ ಫೋನಲ್ಲಿ ಹಿಡಿದು ಹಾಕಿದೆ. ಹಾಡಿಲ್ಲ, ಎಡಿಟಿಂಗ್ ಇಲ್ಲ, ಕೊಪ್ಪರಿಗೆ ಸದ್ದು ಮಾತ್ರ. ನಾನು ಕಾಸು ಕೊಟ್ಟು ಮಾಡಿಸಿದ ಪೋಸ್ಟರಿಗಿಂತ ಅದಕ್ಕೇ ಜಾಸ್ತಿ ಜನ ಫೋನ್ ಮಾಡಿದರು. "ಹೈಡ್ರೋಸ್ ಇಲ್ಲ" ಅನ್ನೋದಕ್ಕೆ ಲ್ಯಾಬ್ ಟೆಸ್ಟೂ ಮಾಡಿಸಿ. ಬೆಲ್ಲದಲ್ಲಿ ಸಲ್ಫರ್ ಡೈಆಕ್ಸೈಡ್ ಎಷ್ಟು ಉಳಿದಿದೆ ಅಂತ ಅಳೆದು ಕೊಡ್ತಾರೆ. ರಿಪೋರ್ಟಿನ ಫೋಟೋ ಹಾಕುವಾಗ ಅದು ಯಾವ ಬ್ಯಾಚಿನದು ಅಂತ ಹೇಳಿ. ಮೂರು ವರ್ಷದ ಹಿಂದಿನ ರಿಪೋರ್ಟನ್ನ ಇವತ್ತಿನ ಬೆಲ್ಲದ ಪಕ್ಕ ಇಟ್ಟರೆ ಅದೂ ನನ್ನ ಹಳೇ ಕವರಿನ ಥರಾನೇ.

ನನ್ನ ಕವರನ್ನು ತಿದ್ದಿದ ಮೇಲೆ ಬೇರೆಯವರ ಕವರನ್ನೂ ಬೇರೆ ಕಣ್ಣಲ್ಲಿ ನೋಡೋಕೆ ಶುರುಮಾಡಿದೆ. ಬೀಜದ, ಗೊಬ್ಬರದ ಕಂಪನಿಗಳು ಕ್ಷೇತ್ರೋತ್ಸವ ಮಾಡ್ತವಲ್ಲ, ಶಾಮಿಯಾನ ಹಾಕಿ, ಊಟ ಹಾಕಿ? ಅಲ್ಲಿ ಹೋದಾಗ ನಾನೀಗ ಮೊದಲು ಹುಡುಕೋದು ಹೋಲಿಕೆಯ ತಾಕು. ಕೃಷಿ ವಿಜ್ಞಾನ ಕೇಂದ್ರದವರು ಮುಂಚೂಣಿ ಪ್ರಾತ್ಯಕ್ಷಿಕೆ ಮಾಡುವಾಗ ಹೊಸ ಪದ್ಧತಿ ಪಕ್ಕದಲ್ಲಿ ರೈತರ ಮಾಮೂಲಿ ಪದ್ಧತಿಯ ಬೆಳೆಯನ್ನೂ ಲೆಕ್ಕಕ್ಕೆ ಇಟ್ಟುಕೊಳ್ತಾರೆ. ಅದೇ ಮಣ್ಣು, ಅದೇ ನೀರು, ಆಗ ವ್ಯತ್ಯಾಸ ಯಾವುದರಿಂದ ಬಂತು ಅಂತ ತಿಳಿಯುತ್ತೆ. ಬರೀ ಒಂದು ಚೆಂದದ ತಾಕು ತೋರಿಸಿ "ನಮ್ಮ ಪುಡಿಯಿಂದ ಹೀಗೆ ಬಂತು" ಅಂದರೆ, ಪುಡಿ ಹಾಕದೇ ಇದ್ದರೆ ಹ್ಯಾಗೆ ಬರ್ತಿತ್ತು ಅಂತ ಕೇಳಿ. ಎಷ್ಟು ರೈತರ ಹೊಲದಲ್ಲಿ ಹಾಕಿದ್ದರು, ಅವರೆಲ್ಲರ ಸರಾಸರಿ ಎಷ್ಟು, ಅದನ್ನೂ ಕೇಳಿ. ನಾಚಿಕೊಳ್ಳಬೇಡಿ, ದುಡ್ಡು ನಿಮ್ಮದು.

ಯೂಟ್ಯೂಬಿನಲ್ಲಿ "ಎಕರೆಗೆ ಇಷ್ಟು ಲಕ್ಷ" ಅನ್ನೋ ಲೆಕ್ಕ ಇನ್ನೊಂದು. ನನ್ನದೇ ಒಂದು ಎಕರೆ ಹೇಳ್ತೀನಿ. 40 ಟನ್ ಕಬ್ಬು, ಟನ್ನಿಗೆ ಸುಮಾರು 100 ಕೆಜಿಯಂತೆ 4,000 ಕೆಜಿ ಬೆಲ್ಲ, ಮಂಡಿಗೆ ಹಾಕಿದ್ದೂ ನೇರ ಮಾರಿದ್ದೂ ಸೇರಿ ಸರಾಸರಿ ಕೆಜಿಗೆ 55 ರೂಪಾಯಿ, ಒಟ್ಟು 2,20,000. ವಿಡಿಯೋ ಮಾಡೋನು ಇಲ್ಲಿಗೆ ನಿಲ್ಲಿಸ್ತಾನೆ. ಸಾಗುವಳಿಗೆ 52,000, ಕಟಾವು-ಸಾಗಣೆಗೆ 38,000, ಆಲೆಮನೆ ಕೂಲಿಗೆ 48,000, ಕವರು-ಬಾಡಿಗೆಗೆ 17,000 ಕಳೆದರೆ ಉಳಿದದ್ದು 65,000. ಅದೂ ಒಂದು ವರ್ಷಕ್ಕೆ, ನನ್ನ ಮತ್ತು ಮನೆಯವರ ಕೂಲಿ ಹಿಡಿಯದೆ. ಇದನ್ನು ನೋಡಿ ಆಲೆಮನೆ ಹಾಕೋ ಹುಡುಗ ಸಾಲ ಮಾಡೋ ಮೊದಲು ಎರಡು ಸಲ ಯೋಚಿಸ್ತಾನೆ. 2,20,000 ಅಂತ ಮಾತ್ರ ಕೇಳಿದೋನು ಯೋಚಿಸಲ್ಲ.

ನಿಮ್ಮ ವಿಷಯಕ್ಕೆ ಬಂದರೆ, ಕವರು ಪ್ರಿಂಟಿಗೆ ಕೊಡೋ ಮೊದಲು ಅದರ ಮೇಲಿನ ಒಂದೊಂದು ಮಾತನ್ನೂ ನಿಮ್ಮ ಪಕ್ಕದ ಹೊಲದವನಿಗೆ ಓದಿ ಹೇಳಿ. ಅವನು ನೀವು ಏನು ಹೊಡೆದಿರಿ, ಯಾವಾಗ ಹೊಡೆದಿರಿ ಎಲ್ಲ ನೋಡಿರ್ತಾನೆ. ಯಾವ ಮಾತಿಗೆ ನಗ್ತಾನೋ ಅದನ್ನು ಹೊಡೆದುಹಾಕಿ. ಮೊದಲ ಸಲ ಸಾವಿರ ಪ್ರಿಂಟ್ ಬೇಡ, ನೂರು ಸ್ಟಿಕ್ಕರ್ ಸಾಕು. ತಪ್ಪಿದ್ದರೆ ಅಟ್ಟ ತುಂಬಲ್ಲ.