ಗಿರಿ, ಕೆರೆ ಮತ್ತು ತೋಟದ ಮನೆ

ಚಿಕ್ಕಮಗಳೂರಿನಿಂದ ಬಾಬಾಬುಡನ್‌ಗಿರಿಗೆ ಹೋಗುವ ರಸ್ತೆಯು ನೆರಳುಮರಗಳ ಕೆಳಗೆ ಹಬ್ಬಿದ ಕಾಫಿ ತೋಟಗಳ ನಡುವೆ ತಿರುತಿರುಗಿ ಮೇಲೇರುತ್ತದೆ. ಸಮೀಪದ ಮುಳ್ಳಯ್ಯನಗಿರಿಯು ಸುಮಾರು 6,330 ಅಡಿ ಎತ್ತರವುಳ್ಳದ್ದಾಗಿ, ಕರ್ನಾಟಕದ ಶಿಖರಗಳಲ್ಲಿ ಅತ್ಯುನ್ನತವಾದುದು. 17ನೆಯ ಶತಮಾನದಲ್ಲಿ ಬಾಬಾಬುಡನರು ಯೆಮೆನ್ ದೇಶದಿಂದ ಏಳು ಕಾಫಿ ಬೀಜಗಳನ್ನು ತಂದು ಈ ಗಿರಿಯಲ್ಲಿ ಬಿತ್ತಿದರೆಂದು ಪ್ರತೀತಿಯುಂಟು.

ಗಿರಿಯಿಂದಿಳಿಯುವ ನೀರು ಸಖರಾಯಪಟ್ಟಣದ ಬಳಿಯ ವಿಶಾಲವಾದ ಅಯ್ಯನಕೆರೆಯನ್ನು ಸೇರಿ, ಬಯಲಿನ ಗದ್ದೆ ತೋಟಗಳಿಗೆ ಆಧಾರವಾಗಿದೆ. ಮೇಲೆ ಮರವಿದ್ದರೆ ಕೆಳಗೆ ಬೆಳೆಯೆಂಬುದನ್ನು ಪ್ರವಾಸಿಗನು ಇಲ್ಲಿ ಕಣ್ಣಾರೆ ಕಾಣಬಹುದು.

2000ನೆಯ ಇಸವಿಯ ಸುಮಾರಿಗೆ ಕಾಫಿಯ ಧಾರಣೆಯು ಬಹಳವಾಗಿ ಕುಸಿಯಲು, ಅನೇಕ ಬೆಳೆಗಾರರು ತಮ್ಮ ಮನೆಗಳಲ್ಲಿಯೇ ಪ್ರವಾಸಿಗರಿಗೆ ಊಟ, ವಸತಿಗಳನ್ನು ಏರ್ಪಡಿಸತೊಡಗಿದರು. ಧಾರಣೆಯು ಇಳಿದ ವರ್ಷ ಕೈಹಿಡಿಯುವ ಉಪವೃತ್ತಿಯಿದು.

ಆದರೆ ಕೊಠಡಿಗಳನ್ನು ಹೆಚ್ಚಿಸುವ ಆಸೆಯಿಂದ ಇಳಿಜಾರನ್ನು ಕಡಿದು, ಮರಗಳನ್ನು ತೆಗೆಯುವುದು ಸರ್ವಥಾ ತರವಲ್ಲ. 2019ರ ಆಗಸ್ಟ್ ತಿಂಗಳ ಅತಿವೃಷ್ಟಿಯಲ್ಲಿ ಮೂಡಿಗೆರೆ ಸೀಮೆಯ ಗುಡ್ಡಗಳು ಕುಸಿದು ತೋಟಗಳು ಹಾಳಾದುದನ್ನು ರೈತರು ಮರೆಯಲಾಗದು. ಇರುವ ಮನೆಯಲ್ಲಿಯೇ ಅತಿಥಿಗೆ ಎಡೆಮಾಡಿಕೊಡುವುದು ಲೇಸು. ಅತಿಥಿಯು ಅರಸಿ ಬರುವುದು ಆ ನೆರಳನ್ನೇ. ಕಾಫಿಯೂ ಮೆಣಸಿನ ಬಳ್ಳಿಯೂ ಬದುಕುವುದು ಅದರಿಂದಲೇ.