ಹಳೆಯ ಕಾರಿನ ಬೋಲ್ಟು ಮತ್ತು ವಾಷರು

ಅಂಬಾಸಿಡರ್ ಕಾರಿನಲ್ಲಿ ಒತ್ತೊತ್ತಾಗಿ ಕುಳಿತು ಮದುವೆಗೆ ಹೋಗದವರು ನಮ್ಮ ಸಂಘದಲ್ಲಿ ವಿರಳ. 2014ರಲ್ಲಿ ಅದರ ತಯಾರಿಕೆ ನಿಂತಿತು. ಅದರ ಮೂಲರೂಪವಾದ ಮೊರಿಸ್ ಆಕ್ಸ್‌ಫರ್ಡ್ ಮೂರನೆಯ ಸರಣಿ ಹುಟ್ಟಿದ್ದು ಇಲ್ಲಿಯೇ, ಇಂಗ್ಲೆಂಡಿನ ಕೌಲಿಯಲ್ಲಿ. ನಾವಿಬ್ಬರು ಗೆಳೆಯರು ಸೇರಿ ಅಂಥದೊಂದನ್ನು ಕೊಂಡು ಬಿಚ್ಚಿ ಜೋಡಿಸಿದೆವು. ಆಗ ಕಲಿತದ್ದು ಸದಸ್ಯ ಬಂಧುಗಳಿಗೂ ಉಪಯೋಗವಾಗಲೆಂದು ಈ ಬರಹ.

ಮೊದಲನೆಯದು ಥ್ರೆಡ್ಡು. 1841ರಲ್ಲಿ ಜೋಸೆಫ್ ವಿಟ್‌ವರ್ತ್ ಗೊತ್ತುಮಾಡಿದ ಥ್ರೆಡ್ಡಿನ ಕೋನ 55 ಡಿಗ್ರಿ. 1948ರಲ್ಲಿ ಬ್ರಿಟನ್, ಅಮೆರಿಕ, ಕೆನಡಾ ಒಪ್ಪಿಕೊಂಡ ಯೂನಿಫೈಡ್ ಥ್ರೆಡ್ಡಿನದು 60. ನಮ್ಮ ಕಾರಿನಲ್ಲಿ ಬಹುಪಾಲು ಎರಡನೆಯದೇ, ಅದರಲ್ಲೂ ಸಣ್ಣ ಥ್ರೆಡ್ಡಿನ ಯು.ಎನ್.ಎಫ್. ಇದರ 5/16 ಅಂಗುಲದ ಬೋಲ್ಟು 7.94 ಮಿಲಿಮೀಟರ್, ಈಗ ಎಲ್ಲ ಅಂಗಡಿಗಳಲ್ಲೂ ಸಿಗುವ ಮೆಟ್ರಿಕ್ ಬೋಲ್ಟು 8. ಕಣ್ಣಿಗೆ ಅವಳಿ ಮಕ್ಕಳು. ಆದರೆ ಮೊದಲನೆಯದರಲ್ಲಿ ಸುತ್ತಿನಿಂದ ಸುತ್ತಿಗೆ 1.06 ಮಿಲಿಮೀಟರ್, ಎರಡನೆಯದರಲ್ಲಿ 1.25. ಒಂದೆರಡು ಸುತ್ತು ಹೋಗಿ ಬಿಗಿಯುತ್ತದೆ. ಅಲ್ಲಿ ಸ್ಪ್ಯಾನರ್ ಹಿಡಿದರೆ ಥ್ರೆಡ್ಡು ಹಾಳು. ಬೆರಳಿನಿಂದಲೇ ಸಲೀಸಾಗಿ ಇಳಿಯದ ಬೋಲ್ಟು ಆ ಜಾಗದ್ದಲ್ಲವೆಂದು ತಿಳಿಯಿರಿ.

ಎರಡನೆಯದು ಬಲ. ಬೋಲ್ಟಿನ ತಲೆಯ ಮೇಲೆ ಮೂರು ಗೆರೆಗಳಿದ್ದರೆ ಐದನೆಯ ದರ್ಜೆ, ಆರಿದ್ದರೆ ಎಂಟನೆಯದು. ಮೆಟ್ರಿಕ್ ಬೋಲ್ಟಿನ ಮೇಲೆ 8.8 ಎಂದಿದ್ದರೆ ಪ್ರತಿ ಚದರ ಮಿಲಿಮೀಟರಿಗೆ 800 ನ್ಯೂಟನ್ ಬಲ. 640ರ ಬಳಿ ಅದು ಶಾಶ್ವತವಾಗಿ ಹಿಗ್ಗತೊಡಗುತ್ತದೆ. ಹೊಳೆಯುವ ಸಾಮಾನ್ಯ ಸ್ಟೇನ್‌ಲೆಸ್ ಬೋಲ್ಟು (ಎ2-70) ಹಿಗ್ಗುವುದು 450ಕ್ಕೇ. ಅಂದಕ್ಕೆ ಮರುಳಾಗಿ ಅದನ್ನು ಬ್ರೇಕು, ಸ್ಟಿಯರಿಂಗುಗಳಿಗೆ ಹಾಕಬೇಡಿ. ಗುರುತೇ ಇಲ್ಲದ್ದನ್ನಂತೂ ಹಾಕಲೇಬೇಡಿ.

ಇಲ್ಲಿ ನಮ್ಮ ತಪ್ಪನ್ನೂ ಹೇಳಿಬಿಡಬೇಕು. ಸ್ಟಿಯರಿಂಗಿನ ಜಾಗದಲ್ಲಿ ಹಿಂದಿನ ಒಡೆಯರು ಬೇಕಾದ್ದಕ್ಕಿಂತ ಬಲಿಷ್ಠವಾದ ಬೋಲ್ಟುಗಳನ್ನು ಹಾಕಿದ್ದರು. ಅವಕ್ಕೆ ತುಕ್ಕು ಹಿಡಿದಿತ್ತು. ನಮ್ಮಲ್ಲಿ ಒಬ್ಬರ ವೃತ್ತಿಯೇ ರಸಾಯನಶಾಸ್ತ್ರ, ಕೇಳಬೇಕೆ? ರಾತ್ರಿಯೆಲ್ಲ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ನೆನೆಸಿ, ಬೆಳ್ಳಿಯಂತೆ ಮಾಡಿ, ಬಿಗಿದೆವು. ಮರುದಿನ ಯುಗಾದಿ ಕೂಟಕ್ಕೆ ಮಕ್ಕಳನ್ನು ಕೂಡಿಸಿಕೊಂಡು ಹೊರಡುವ ಹುಮ್ಮಸ್ಸು. ಬೆಳಗ್ಗೆ ನೋಡಿದರೆ ಒಂದು ಬೋಲ್ಟಿನ ತಲೆ ಗ್ಯಾರೇಜಿನ ನೆಲದ ಮೇಲೆ ಬಿದ್ದಿತ್ತು! ಕಾರು ಒಂದಡಿಯೂ ಚಲಿಸಿರಲಿಲ್ಲ.

ಆಮ್ಲ ಉಕ್ಕನ್ನು ಮುಟ್ಟಿದಾಗ ಜಲಜನಕ ಹುಟ್ಟುತ್ತದೆ. ಅದರಲ್ಲಿ ಒಂದಂಶ ಉಕ್ಕಿನೊಳಕ್ಕೆ ಇಳಿದು ಅದನ್ನು ಪೆಡಸು ಮಾಡುತ್ತದೆ. ಬಿಗಿದ ಬೋಲ್ಟು ಎಳೆತದಲ್ಲಿರುವುದರಿಂದ ಕೆಲವು ಗಂಟೆಗಳೋ ದಿನಗಳೋ ಕಳೆದ ಮೇಲೆ ತಟ್ಟನೆ ಮುರಿಯುತ್ತದೆ. ಬೋಲ್ಟು ಬಲಿಷ್ಠವಾದಷ್ಟೂ ಈ ಬಾಧೆ ಹೆಚ್ಚು. ಪಾಠದಲ್ಲಿ ಓದಿದ್ದನ್ನೇ ಗ್ಯಾರೇಜಿನಲ್ಲಿ ಮರೆತಿದ್ದೆವು. ಆ ದಿನ ಬಸ್ಸಿನಲ್ಲಿ ಹೋದೆವು; ಹೋಳಿಗೆ ಗಂಟಲಲ್ಲಿ ಸರಿಯಾಗಿ ಇಳಿಯಲಿಲ್ಲ. ಸ್ಟಿಯರಿಂಗಿನ ಬೋಲ್ಟುಗಳನ್ನೆಲ್ಲ ತೆಗೆದು ಕಾರಿನ ಕೈಪಿಡಿಯಲ್ಲಿ ಹೇಳಿದ ದರ್ಜೆಯ ಹೊಸವನ್ನು ಹಾಕಿದೆವು.

ಮೂರನೆಯದು, ಸಡಿಲವಾಗದಂತೆ ಕಾಯುವುದು. ಬಿಗಿದಾಗ ಬೋಲ್ಟು ಸ್ಪ್ರಿಂಗಿನಂತೆ ತುಸು ಹಿಗ್ಗುತ್ತದೆ. ಹಿಡಿದಿಡುವುದು ಆ ಎಳೆತವೇ. ಚಪ್ಪಟೆ ವಾಷರು ಭಾರವನ್ನು ಹರಡುತ್ತದೆ. ಸ್ಪ್ರಿಂಗ್ ವಾಷರಾದರೋ ಪೂರ್ತಿ ಬಿಗಿಯುವ ಮುಂಚೆಯೇ ಚಪ್ಪಟೆಯಾಗುವುದರಿಂದ ಅದನ್ನೇ ನಂಬುವಂತಿಲ್ಲ. ಅಡ್ಡಡ್ಡ ಅದುರಿದಾಗಲೇ ನಟ್ಟು ಹೆಚ್ಚಾಗಿ ತಾನಾಗಿ ಬಿಚ್ಚಿಕೊಳ್ಳುತ್ತದೆಂದು ಗೆರ್ಹಾರ್ಡ್ ಯುಂಕರ್ 1969ರಲ್ಲಿ ತೋರಿಸಿಕೊಟ್ಟರು. ಆದ್ದರಿಂದ ಟಾರ್ಕ್ ಸ್ಪ್ಯಾನರಿನಿಂದ ಹೇಳಿದಷ್ಟೇ ಬಿಗಿಯಿರಿ.

ನೈಲಾನ್ ಉಂಗುರದ ನಟ್ಟು ಸುಮಾರು 120 ಡಿಗ್ರಿ ಸೆಲ್ಸಿಯಸ್‌ವರೆಗೆ ಮಾತ್ರ; ಹೊಗೆಕೊಳವೆಯ ಬಳಿ ಬೇಡ, ಅಲ್ಲಿಗೆ ಹಿತ್ತಾಳೆಯ ನಟ್ಟು. ಸ್ಟಿಯರಿಂಗಿನ ಸ್ಪ್ಲಿಟ್ ಪಿನ್ನಿಗೆ ರಂಧ್ರ ಕೂಡದಿದ್ದರೆ ಕೈಪಿಡಿಯ ಮಿತಿಯೊಳಗೆ ಮುಂದಕ್ಕೆ ಬಿಗಿಯಿರಿ, ಹಿಂದಕ್ಕೆ ಸಡಿಲಿಸಬೇಡಿ. ಆ ಪಿನ್ನು, ನೈಲಾನ್ ನಟ್ಟು, ಬ್ರೇಕಿನ ತಾಮ್ರದ ವಾಷರು, ಈ ಮೂರೂ ಪ್ರತಿ ಸಲ ಹೊಸವೇ ಆಗಬೇಕು. ಚಕ್ರ ಕಳಚಿ ಹಾಕಿದ್ದರೆ ಮೊದಲ 30–50 ಮೈಲಿಯ ನಂತರ ಅದರ ನಟ್ಟುಗಳನ್ನು ಮತ್ತೆ ಪರೀಕ್ಷಿಸಿ.

ಇವಕ್ಕೆಲ್ಲ ಆಗುವ ಖರ್ಚು ಕೆಲವೇ ಪೌಂಡು. ಮುರಿದ ಆ ಬೋಲ್ಟಿನ ತಲೆ ಇಂದಿಗೂ ನಮ್ಮ ಅಡಿಗೆಮನೆಯ ಕಿಟಕಿಯಲ್ಲಿದೆ. ಕೈಯಲ್ಲಿ ಸ್ಪ್ಯಾನರ್ ಹಿಡಿಯುವ ಮುನ್ನ ಒಮ್ಮೆ ಅದನ್ನು ನೋಡಿ ಹೋಗುತ್ತೇವೆ.