ಆತುರದ ಮಗುವೂ ಮಿದುಳಿನ ಕಡಿವಾಣವೂ

ಹಳಿಯಾಳವಾಗಲಿ ಜೋಯಿಡಾವಾಗಲಿ, ಪ್ರಶ್ನೆ ಮುಗಿಯುವ ಮೊದಲೇ ಉತ್ತರವನ್ನು ಕೂಗಿಬಿಡುವ ಹುಡುಗನು ಪ್ರತಿಯೊಂದು ಶಾಲೆಯಲ್ಲಿಯೂ ಇರುತ್ತಾನೆ. ಇಂತಹ ಆತುರ, ಚಂಚಲತೆಗಳು ಮನೆಯಲ್ಲಿಯೂ ಶಾಲೆಯಲ್ಲಿಯೂ ತಿಂಗಳುಗಟ್ಟಲೆ ಕಾಡಿ ಕಲಿಕೆಯನ್ನೇ ಕೆಡಿಸಿದಾಗ ವೈದ್ಯರು ಅದನ್ನು ಅವಧಾನದ ಕೊರತೆಯೆಂದು ಗುರುತಿಸುತ್ತಾರೆ. ನಾವಾದರೋ ಹಟವೆಂದು ಬಗೆದು ಬೆತ್ತ ಹಿಡಿಯುತ್ತೇವೆ.

‘ತಾಳು’ ಎಂದು ತಡೆಯುವ ಕೆಲಸದಲ್ಲಿ ಹಣೆಯ ಹಿಂದಿರುವ ಮಿದುಳಿನ ತೊಗಟೆಗೆ ಮುಖ್ಯ ಪಾತ್ರವಿದೆ. ಅದರ ಸೂಚನೆಯು ನರತಂತುಗಳ ಮೂಲಕ ಒಳಗಿನ ಸ್ಟ್ರಯೇಟಮ್ ಎಂಬ ಭಾಗವನ್ನು ಮುಟ್ಟಬೇಕು. ತಂತುಗಳ ಮೇಲೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಬೆಳೆದಂತೆಲ್ಲ ಸೂಚನೆಯ ವೇಗ ಹೆಚ್ಚುತ್ತದೆ. ಈ ಬೆಳವಣಿಗೆ 20 ವರ್ಷ ದಾಟಿದರೂ ನಿಲ್ಲದು. ಎಂದರೆ, ಓದುಗ ಮಿತ್ರರೇ, ನಿಮ್ಮ ಕಡಿವಾಣವೂ ಇನ್ನೂ ಸಿದ್ಧವಾಗುತ್ತಲೇ ಇದೆ!

2007ರಲ್ಲಿ ಅಮೆರಿಕದ ಫಿಲಿಪ್ ಷಾ ಮತ್ತು ಸಂಗಡಿಗರು ಇಂತಹ 223 ಮಕ್ಕಳ ಮಿದುಳಿನ ಚಿತ್ರಗಳನ್ನು ಅಷ್ಟೇ ಮಂದಿ ಇತರ ಮಕ್ಕಳ ಚಿತ್ರಗಳೊಡನೆ ಹೋಲಿಸಿದರು. ತೊಗಟೆಯ ಅರ್ಧಭಾಗವು ಗರಿಷ್ಠ ದಪ್ಪವನ್ನು ಮುಟ್ಟುವ ವಯಸ್ಸು ಇತರರಲ್ಲಿ 7.5 ವರ್ಷ, ಇವರಲ್ಲಿ 10.5 ವರ್ಷ. ಬೆಳವಣಿಗೆಯ ಕ್ರಮ ಒಂದೇ; ಕಾಲ ಮಾತ್ರ ತಡ. ಕೈಕಾಲುಗಳ ಚಲನೆಯನ್ನು ಹೊರಡಿಸುವ ಭಾಗವಾದರೋ ಇವರಲ್ಲಿಯೇ ಮೊದಲು ಬಲಿತಿತ್ತು. ಕುದುರೆ ಓಡತೊಡಗಿದ ಮೇಲೆ ಕಡಿವಾಣ ಬಂದಂತೆ!

ದಾಂಡೇಲಿ, ಹಳಿಯಾಳ, ಮುಂಡಗೋಡಿನವರಿಗೆ ಧಾರವಾಡದ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯು ದೂರವಲ್ಲ. ಈ ಕೊರತೆಯ ಚಿಕಿತ್ಸೆಯಲ್ಲಿ ಔಷಧವಷ್ಟೇ ಅಲ್ಲ, ತಂದೆತಾಯಿಗಳಿಗೆ ನೀಡುವ ತರಬೇತಿಯೂ ಸೇರಿದೆ.